"ಅಕ್ಕಾ, ಇಲ್ಲೊಂದು ಸೈನ್ ಹಾಕು": ಒಂದು ಸಹಿ, ಸಮಾಜಶಾಸ್ತ್ರದ ನಾಲ್ಕು ಕನ್ನಡಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಸೋಶಿಯಾಲಜಿ ಅಂದ ತಕ್ಷಣ ತುಂಬಾ ಜನರಿಗೆ ನೆನಪಾಗೋದು ಪಿಯುಸಿ ಗೈಡು, ಡರ್ಖೈಮ್, ಮಾರ್ಕ್ಸ್, ಹತ್ತು ಅಂಕದ ಪ್ರಶ್ನೆ. ಪರೀಕ್ಷೆ ಮುಗೀತು, ಮರೆತೂ ಹೋಯ್ತು. ಆದರೆ ಈ ಥಿಯರಿಗಳು ನಿಜವಾಗಿ ಕೆಲಸಕ್ಕೆ ಬರೋದು ನಮ್ಮ ಮನೆಯೊಳಗೆ. ಇವತ್ತು ಒಂದೇ ಒಂದು ಸನ್ನಿವೇಶ ತಗೊಂಡು ಅದನ್ನು ನಾಲ್ಕು ಕಡೆಯಿಂದ ನೋಡೋಣ.

ಸನ್ನಿವೇಶ ನಿಮಗೆ ಗೊತ್ತಿರೋದೇ. ಅಪ್ಪ ತೀರಿಕೊಂಡಿದ್ದಾರೆ. ಊರಲ್ಲಿ ಮೂರು ಎಕರೆ ಜಮೀನು ಇದೆ. ಮದುವೆಯಾಗಿ ಹೋದ ಅಕ್ಕನಿಗೆ ತಮ್ಮನ ಫೋನು: "ಅಕ್ಕಾ, ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಾ, ಒಂದು ಸೈನ್ ಬೇಕು." ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಅಂದ್ರೆ ಪಿತ್ರಾರ್ಜಿತ ಆಸ್ತಿಯಲ್ಲಿ ನನಗಿರೋ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಡೋದು.

ಮೊದಲು ಕಾನೂನು ಏನು ಹೇಳುತ್ತೆ?

ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದು 1956ರಲ್ಲಿ. ಆಗ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೊಂದಲ ಬಿಡಿಸಿತು: ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಎಷ್ಟೋ ಅಕ್ಕಂದಿರು ಯಾಕೆ ಸಹಿ ಹಾಕ್ತಾರೆ? ಇಲ್ಲಿಂದ ಸಮಾಜಶಾಸ್ತ್ರ ಶುರು.

ಕನ್ನಡಕ ಒಂದು: ಇದರಿಂದ ಏನು ನಡೆಯುತ್ತೆ?

ಎಮಿಲ್ ಡರ್ಖೈಮ್, ಆಮೇಲೆ ಟಾಲ್ಕಾಟ್ ಪಾರ್ಸನ್ಸ್. ಇವರ ದಾರಿಗೆ ಕಾರ್ಯಾತ್ಮಕ ಸಿದ್ಧಾಂತ ಅಂತಾರೆ. ಒಂದು ಪದ್ಧತಿ ಬಹಳ ಕಾಲ ಉಳಿದಿದೆ ಅಂದ್ರೆ ಅದು ಯಾವುದೋ ಕೆಲಸ ಮಾಡ್ತಿರಬೇಕು ಅನ್ನೋದು ಇವರ ನೋಟ. ಆ ಕೆಲಸ ಏನು ನೋಡಿ. ಮೂರು ಎಕರೆ ನಾಲ್ಕು ತುಂಡಾಗಲ್ಲ. ಊರಲ್ಲಿ ಉಳಿದ ಮಗ ಅಮ್ಮನನ್ನು ನೋಡಿಕೊಳ್ತಾನೆ. ಅಕ್ಕನಿಗೆ ಕಷ್ಟ ಬಂದ್ರೆ ಬಂದು ನಿಲ್ಲೋಕೆ ತವರು ಅಂತ ಒಂದಿರುತ್ತೆ.

ತಳ್ಳಿಹಾಕೋ ಮಾತಲ್ಲ ಇದು. ಆದರೆ ಅದೇ ಪರಂಪರೆಯ ರಾಬರ್ಟ್ ಮರ್ಟನ್ ಒಂದು ಎಚ್ಚರಿಕೆ ಕೊಟ್ಟರು: ಒಂದು ಪದ್ಧತಿ ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಹಾನಿ ಆಗಿರಬಹುದು. ಹಾಗಾಗಿ 'ಕುಟುಂಬಕ್ಕೆ ಒಳ್ಳೇದು' ಅಂದಾಗ ಕುಟುಂಬದಲ್ಲಿ ಯಾರಿಗೆ ಅಂತ ಕೇಳಲೇಬೇಕು.

ಕನ್ನಡಕ ಎರಡು: ಯಾರಿಗೆ ಲಾಭ?

ಇದು ಸಂಘರ್ಷ ಸಿದ್ಧಾಂತ. ಮಾರ್ಕ್ಸ್ ಅವರ ಜೊತೆಗಾರ ಫ್ರೆಡ್ರಿಕ್ ಎಂಗೆಲ್ಸ್ 1884ರಲ್ಲಿ ಕುಟುಂಬ ಮತ್ತು ಖಾಸಗಿ ಆಸ್ತಿಯ ಹುಟ್ಟಿನ ಬಗ್ಗೆ ಒಂದು ಪುಸ್ತಕ ಬರೆದರು. ಆಸ್ತಿ ಗಂಡಿನ ಕಡೆಯಿಂದ ಗಂಡುಮಕ್ಕಳಿಗೆ ಇಳಿಯೋ ವ್ಯವಸ್ಥೆಗೂ ಹೆಣ್ಣಿನ ಅಧೀನ ಸ್ಥಿತಿಗೂ ನೇರ ಸಂಬಂಧ ಇದೆ ಅನ್ನೋದು ಅವರ ವಾದ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಜಮೀನಿನ ಮಟ್ಟಕ್ಕೆ ಇಳಿಸಿ ನೋಡಿದವರು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್. ಅವರು ಪ್ರದೀಪ್ ಪಂಡಾ ಜೊತೆ ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ ಮಾಡಿದ ಅಧ್ಯಯನದ ಅಂಕಿ ಕೇಳಿ: ಮನೆ, ಜಮೀನು ಎರಡೂ ಇಲ್ಲದ ಹೆಂಗಸರಲ್ಲಿ ಶೇ 49ರಷ್ಟು ಮಂದಿ ದೀರ್ಘಕಾಲ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ 7. ಸ್ವಂತ ಹೆಸರಲ್ಲಿ ಆಸ್ತಿ ಇರೋದು ಬರೀ ದುಡ್ಡಿನ ವಿಷಯ ಅಲ್ಲ, ಬೇಡದ ಮನೆಯಿಂದ ಎದ್ದು ಬರೋ ಧೈರ್ಯದ ವಿಷಯ.

ಈಗ ಮೊದಲನೇ ಕನ್ನಡಕದ ಮಾತು ನೆನಪಿಸಿಕೊಳ್ಳಿ. ತವರು ಅನ್ನೋದು ಅಕ್ಕನಿಗೆ ಇನ್ಶೂರೆನ್ಸ್ ಅಂದ್ವಿ. ಸರಿ, ಆ ಇನ್ಶೂರೆನ್ಸಿಗೆ ಅವಳು ಕಟ್ಟೋ ಪ್ರೀಮಿಯಂ ಇಡೀ ಪಾಲು. ಕ್ಲೇಮ್ ಮಾಡೋ ದಿನ ಸಿಗುತ್ತೋ ಇಲ್ವೋ ಅನ್ನೋದು ಮಾತ್ರ ತಮ್ಮನ, ನಾದಿನಿಯ ಮನಸ್ಸಿಗೆ ಬಿಟ್ಟಿದ್ದು.

ಕನ್ನಡಕ ಮೂರು: ಉಡುಗೊರೆಯ ಲೆಕ್ಕ

ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ಉಡುಗೊರೆ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಉಡುಗೊರೆ ಅನ್ನೋದು ಇಷ್ಟಪಟ್ಟು ಕೊಡೋದು ಅನ್ನಿಸುತ್ತೆ, ಆದರೆ ಅದರಲ್ಲಿ ಮೂರು ಕಟ್ಟುಪಾಡು ಇರುತ್ತೆ: ಕೊಡಬೇಕು, ತಗೋಬೇಕು, ತಿರುಗಿ ಕೊಡಬೇಕು.

ಗೌರಿ ಹಬ್ಬಕ್ಕೆ ತವರಿಂದ ಬರೋ ಬಾಗಿನ, ಬಾಣಂತನ, ಮದುವೆ ಖರ್ಚು, ವರ್ಷಕ್ಕೊಂದು ಸೀರೆ. ಪ್ರೀತಿ ಇದೆ, ಸುಳ್ಳಲ್ಲ. ಆದರೆ ಆಸ್ತಿ ಮಾತು ಬಂದಾಗ ಇದೆಲ್ಲ ಲೆಕ್ಕಕ್ಕೆ ಬರುತ್ತೆ: "ನಿನ್ನ ಮದುವೆಗೆ ಅಷ್ಟು ಖರ್ಚು ಮಾಡಿದ್ವಲ್ಲ?" ಆಗ ಅಕ್ಕ ಹಾಕೋ ಸಹಿ ಹಿಂದಿರುಗಿಸೋ ಉಡುಗೊರೆ ಆಗುತ್ತೆ. ತಮಾಷೆ ಏನಂದ್ರೆ, ತಮ್ಮನ ಓದಿಗೆ, ಅವನ ಮದುವೆಗೆ ಆದ ಖರ್ಚನ್ನು ಯಾರೂ ಪಾಲಿನಲ್ಲಿ ಕಳೆಯಲ್ಲ.

ಕನ್ನಡಕ ನಾಲ್ಕು: ಮಾತಿಗೆ ಏನರ್ಥ?

ಕೊನೆಯದು ಸಾಂಕೇತಿಕ ಅಂತರಕ್ರಿಯಾವಾದ. ಹೆಸರು ಭಾರ, ವಿಷಯ ಸರಳ. ಜಾರ್ಜ್ ಹರ್ಬರ್ಟ್ ಮೀಡ್ ಮತ್ತು ಅವರ ನಂತರದವರು ಹೇಳಿದ್ದು: ನಾವು ವಸ್ತುವಿಗಲ್ಲ, ಅದಕ್ಕೆ ಕೊಟ್ಟ ಅರ್ಥಕ್ಕೆ ಸ್ಪಂದಿಸ್ತೀವಿ. ಕಾನೂನಿನಲ್ಲಿ ಅದರ ಹೆಸರು 'ಹಕ್ಕು'. ಮನೆಯಲ್ಲಿ ಅದರ ಹೆಸರು 'ತಮ್ಮನ ಹೊಟ್ಟೆ ಮೇಲೆ ಹೊಡೆಯೋದು'. ಕೇಳಿದವಳು ದುರಾಸೆಯವಳು, ಬಿಟ್ಟವಳು ಒಳ್ಳೆ ಮಗಳು. ಅಕ್ಕ ಆಯ್ಕೆ ಮಾಡ್ತಿರೋದು ಜಮೀನು ಬೇಕಾ ಬೇಡವಾ ಅಂತ ಅಲ್ಲ, ನಾನು ಎಂಥ ಮಗಳು ಅನ್ನಿಸಿಕೊಳ್ಳಬೇಕು ಅಂತ.

ಅರ್ವಿಂಗ್ ಗಾಫ್‌ಮನ್ ಬದುಕನ್ನು ರಂಗಭೂಮಿಗೆ ಹೋಲಿಸಿದರು. ರಂಗದ ಮೇಲೆ ಒಂದು ಮುಖ, ತೆರೆಮರೆಯಲ್ಲಿ ಇನ್ನೊಂದು. ರಿಜಿಸ್ಟ್ರಾರ್ ಮುಂದೆ ನಗುತ್ತಾ "ನನಗೇನೂ ಬೇಡ ಸಾರ್" ಅಂದವಳು ವಾಪಸ್ ಹೋಗುವಾಗ ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಅಳಬಹುದು. ಪತ್ರದಲ್ಲಿ 'ಸ್ವಇಚ್ಛೆಯಿಂದ' ಅನ್ನೋ ಪದ ಮಾತ್ರ ಉಳಿಯುತ್ತೆ.

ಹಾಗಾದ್ರೆ ಯಾವ ಕನ್ನಡಕ ಸರಿ?

ಯಾವುದೂ ತೀರ್ಪು ಕೊಡಲ್ಲ. ತಮ್ಮ ನಿಜಕ್ಕೂ ಬಡವನಿರಬಹುದು, ಹತ್ತು ವರ್ಷ ಅಪ್ಪನ ಆಸ್ಪತ್ರೆ ಖರ್ಚು ಹೊತ್ತಿರಬಹುದು. ಅಕ್ಕ ಮನಸಾರೆ ಬಿಟ್ಟುಕೊಡಬಹುದು, ಅದೂ ಅವಳ ಹಕ್ಕೇ. ಆದರೆ ಥಿಯರಿಗಳು ನಾಲ್ಕು ಪ್ರಶ್ನೆ ಕೊಡುತ್ತವೆ. ಇದರಿಂದ ಮನೆಯಲ್ಲಿ ಏನು ಉಳಿಯುತ್ತೆ? ಬೆಲೆ ಯಾರು ತೆರ್ತಾರೆ? ಯಾವ ಋಣದ ಹೆಸರಲ್ಲಿ ಕೇಳ್ತಿದ್ದಾರೆ? 'ಬೇಡ' ಅಂದ್ರೆ ನನ್ನನ್ನು ಏನಂತ ಕರೀತಾರೆ?

ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ್ದೂ ಇದನ್ನೇ: ಒಬ್ಬರ ಖಾಸಗಿ ಸಂಕಟ ಅನ್ನಿಸೋದು ಎಷ್ಟೋ ಸಲ ಇಡೀ ಸಮಾಜದ ಸಮಸ್ಯೆ. ಸಂಕಟ ಪಡ್ತಿರೋ ಅಕ್ಕ "ನಾನೇ ಕೆಟ್ಟವಳಾ?" ಅಂತ ಯೋಚಿಸ್ತಾಳೆ. ಅಲ್ಲ, ಊರೂರಲ್ಲೂ ಇದೇ ಕಾಗದ ಓಡಾಡ್ತಿದೆ.

ಕೇಳ್ತಿರೋ ತಮ್ಮಂದಿರಿಗೂ ಒಂದು ಮಾತು: ಕೇಳೋ ಮುಂಚೆ ಪತ್ರದಲ್ಲಿ ಏನಿದೆ, ಅಕ್ಕನ ಪಾಲು ಎಷ್ಟು ಅಂತ ನೀವೇ ಬಾಯಿಬಿಟ್ಟು ಹೇಳಿ. ಅಕ್ಕಂದಿರೇ, ನೋಂದಣಿಯಾದ ಪತ್ರವನ್ನು ಆಮೇಲೆ ರದ್ದು ಮಾಡಿಸೋದು ಸುಲಭ ಅಲ್ಲ. ಮನೆಗೆ ತಂದು ಪೂರ್ತಿ ಓದಿ, ಒಬ್ಬ ವಕೀಲರಿಗೆ ತೋರಿಸಿ, ಎರಡು ದಿನ ಟೈಮ್ ತಗೊಳ್ಳಿ. ಪ್ರೀತಿ ಇರೋ ಕಡೆ ಎರಡು ದಿನ ಕಾಯೋದು ದೊಡ್ಡ ವಿಷಯ ಆಗಬಾರದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಇದನ್ನು ನಿಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕ್ತೀರೋ, ಅಕ್ಕನಿಗೆ ಮಾತ್ರ ಕಳಿಸ್ತೀರೋ, ನಿಮಗೆ ಬಿಟ್ಟಿದ್ದು. ನಮಸ್ಕಾರ.