ರೈತ ಸಂಸ್ಥೆಯ ಧ್ಯೇಯವನ್ನು ಬರೆಯುವ ಬಗೆ

ರೈತರು ಒಂದುಗೂಡಿ ಸಂಸ್ಥೆ ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಪತ್ತಿನ ಸಹಕಾರ ಸಂಘ ಪ್ರಾರಂಭವಾಯಿತು. 2002ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿಯಾಗಿ ಉತ್ಪಾದಕರ ಕಂಪನಿಗಳಿಗೆ ಅವಕಾಶ ದೊರೆಯಿತು. 2020ರಲ್ಲಿ ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಯೋಜನೆಯನ್ನು ಕೈಗೊಂಡಿತು.

ಇಂಥ ಸಂಸ್ಥೆಗಳ ಕಚೇರಿಯಲ್ಲಿ ಧ್ಯೇಯ, ಮುನ್ನೋಟ, ಮೌಲ್ಯಗಳೆಂದು ಬರೆದ ಫಲಕವನ್ನು ಕಾಣಬಹುದು. 'ರೈತರ ಸರ್ವತೋಮುಖ ಅಭಿವೃದ್ಧಿ' ಎಂಬ ಮಾತು ತಪ್ಪಲ್ಲ. ಆದರೆ ಅದು ಬ್ಯಾಂಕಿಗೂ ಒಪ್ಪುತ್ತದೆ, ಗೊಬ್ಬರದ ಅಂಗಡಿಗೂ ಒಪ್ಪುತ್ತದೆ. ತಾನು ಕೊಟ್ಟ ಷೇರು ಹಣ ಯಾವ ಕೆಲಸಕ್ಕೆ ಎಂಬುದು ಸದಸ್ಯನಿಗೆ ಅದರಿಂದ ತಿಳಿಯದು. ತಿಳಿಯದಿದ್ದರೆ ಸುಗ್ಗಿಯಲ್ಲಿ ಅವನ ಮಾಲು ಎಂದಿನಂತೆ ದಲ್ಲಾಳಿಯ ಅಂಗಡಿಗೇ ಹೋಗುತ್ತದೆ. ಸಂಸ್ಥೆ ಹೆಸರಿಗೆ ಮಾತ್ರ ಉಳಿಯುತ್ತದೆ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರು ಮತ್ತು ಇತರ ಕೆಲಸಗಾರರು 1844ರಲ್ಲಿ ತೆರೆದ ಸಹಕಾರ ಅಂಗಡಿ ಇಲ್ಲಿ ಗಮನಾರ್ಹ. ಕಲಬೆರಕೆ ಹಿಟ್ಟಿನಿಂದ ಜನ ಬೇಸತ್ತಿದ್ದ ಕಾಲ ಅದು. ಶುದ್ಧ ಪದಾರ್ಥ, ಸರಿಯಾದ ತೂಕ, ನಗದು ವ್ಯಾಪಾರ, ಸದಸ್ಯನಿಗೊಂದು ಮತ, ಖರೀದಿಗೆ ತಕ್ಕಂತೆ ಲಾಭಾಂಶ, ಇವು ಅವರ ನಿಯಮಗಳು. ಪ್ರತಿಯೊಂದನ್ನೂ ಗಿರಾಕಿಯೇ ಪರೀಕ್ಷಿಸಬಹುದಿತ್ತು. ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘಗಳ ಬಲವೂ ಇದೇ. ಹಾಲನ್ನು ಅಳೆದು, ಜಿಡ್ಡಿನಂಶ ಪರೀಕ್ಷಿಸಿ, ಅದಕ್ಕೆ ತಕ್ಕ ದರ ಕೊಡುವ ಕ್ರಮವೇ ಅಲ್ಲಿ ಪ್ರಾಮಾಣಿಕತೆಯ ಫಲಕ.

ಆದ್ದರಿಂದ ತೊಗರಿ ಬೆಳೆಗಾರರ ಸಂಸ್ಥೆಯೊಂದು ತನ್ನ ಮಾತುಗಳನ್ನು ಹೀಗೆ ಬರೆದುಕೊಳ್ಳಬಹುದು:

1. ಧ್ಯೇಯ: ಯಾರಿಗಾಗಿ, ಏನು ಮಾಡುತ್ತೇವೆ ಎಂಬುದು ಒಂದೇ ವಾಕ್ಯದಲ್ಲಿರಲಿ. ಉದಾಹರಣೆ: 'ಸದಸ್ಯರ ತೊಗರಿಯನ್ನು ಒಣಗಿಸಿ, ಶುಚಿಮಾಡಿ, ದರ್ಜೆವಾರು ವಿಂಗಡಿಸಿ, ಒಟ್ಟಾಗಿ ಮಾರುವುದು.'

2. ಮುನ್ನೋಟ: ಇದಕ್ಕೆ ಅವಧಿ ಮತ್ತು ಅಳತೆ ಇರಬೇಕು. ಉದಾಹರಣೆ: 'ಮೂರು ವರ್ಷಗಳಲ್ಲಿ ಸದಸ್ಯರು ಮಾರುವ ತೊಗರಿಯಲ್ಲಿ ಅರ್ಧದಷ್ಟಾದರೂ ಸಂಸ್ಥೆಯ ಮೂಲಕ ಹೋಗಬೇಕು.'

3. ಮೌಲ್ಯಗಳು: ಗುಣವಾಚಕಗಳಿಗೆ ಬದಲು ನಿಯಮಗಳನ್ನು ಬರೆಯಿರಿ. 'ಪಾರದರ್ಶಕತೆ' ಎನ್ನುವ ಬದಲು 'ತೂಕ, ತೇವಾಂಶಗಳನ್ನು ಮಾಲು ತಂದವರ ಎದುರಿನಲ್ಲೇ ನೋಡಿ ಚೀಟಿ ಕೊಡುವುದು' ಎನ್ನಿರಿ. 'ಸಮಾನತೆ' ಎನ್ನುವ ಬದಲು 'ಅಧ್ಯಕ್ಷರ ಚೀಲಕ್ಕೂ ಸಣ್ಣ ಹಿಡುವಳಿದಾರರ ಚೀಲಕ್ಕೂ ಒಂದೇ ಸರದಿ' ಎನ್ನಿರಿ.

ಕರಡನ್ನು ಆಡಳಿತ ಮಂಡಳಿಯವರಷ್ಟೇ ಕುಳಿತು ಬರೆದರೆ ಸಾಲದು. ವಿಸ್ತರಣಾ ಕಾರ್ಯಕರ್ತರು ಊರೂರಿನಲ್ಲಿ ಸಣ್ಣ ಸಭೆ ಸೇರಿಸಿ, 'ಸಂಸ್ಥೆಯಿಂದ ನಿಮಗೆ ಮೊದಲು ಆಗಬೇಕಾದ ಕೆಲಸ ಯಾವುದು?' ಎಂದು ಕೇಳಬೇಕು. ಹೆಣ್ಣುಮಕ್ಕಳ ಉತ್ತರವನ್ನೂ ಬರೆದುಕೊಳ್ಳಬೇಕು. ಒಕ್ಕಣೆ, ಶೇಖರಣೆಗಳ ಕಷ್ಟ ಅವರಿಗೇ ಹೆಚ್ಚು ಗೊತ್ತು. ಸದಸ್ಯರ ಆಡುಮಾತಿನಲ್ಲೇ ಕರಡು ಸಿದ್ಧಪಡಿಸಿ, ಸಭೆಯಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಅದು ಸಂಸ್ಥೆಯ ನೋಂದಾಯಿತ ಉದ್ದೇಶಗಳಿಗೆ ವಿರುದ್ಧವಾಗದಂತೆಯೂ ನೋಡಿಕೊಳ್ಳಬೇಕು.

ಪ್ರತಿವರ್ಷ ಮಹಾಸಭೆಯಲ್ಲಿ ಜಮಾಖರ್ಚನ್ನು ಓದುವ ಮೊದಲು ಈ ಸಾಲುಗಳನ್ನು ಓದಿರಿ. ಪ್ರತಿಯೊಂದರ ಮುಂದೆ 'ಆಗಿದೆ' ಅಥವಾ 'ಆಗಿಲ್ಲ' ಎಂದು ಸದಸ್ಯರೇ ಹೇಳಲಿ. ಹಾಗೆ ಹೇಳಲು ಬಾರದ ಸಾಲು ಇದ್ದರೆ ಅದನ್ನು ತಿದ್ದಿ ಬರೆಯುವುದು ಒಳ್ಳೆಯದು.