ಸಿಲಿಂಡರಿನ ಮೇಲ್ಭಾಗದ ಖಾಲಿ ಜಾಗ

ತುಂಬಿದ ಅಡುಗೆ ಸಿಲಿಂಡರನ್ನು ತುಸು ಅಲುಗಿಸಿದರೆ ಒಳಗೆ ಏನೋ ಕುಲುಕಿದ ಹಾಗಾಗುತ್ತದೆ. ಕುಲುಕುವುದು ದ್ರವ. ಮನೆಗೆ ಬರುವ 14.2 ಕೆ.ಜಿ. ಇಂಧನ ಅಲ್ಲಿ ಸುಮಾರು 26 ಲೀಟರ್ ಜಾಗದಲ್ಲಿ ಅಡಗಿರುತ್ತದೆ. ಅಷ್ಟನ್ನೂ ಅನಿಲವಾಗಿ ಹೊರಗೆ ಬಿಟ್ಟರೆ ಸುಮಾರು ಆರು ಸಾವಿರ ಲೀಟರ್ ಆಗುತ್ತದೆ. ಒಂದು ಸಣ್ಣ ಬಚ್ಚಲುಮನೆ ತುಂಬಿಹೋಗುತ್ತದೆ.

ಅನಿಲಕ್ಕೆ ಸ್ವಂತ ಆಕಾರವೂ ಇಲ್ಲ, ಸ್ವಂತ ಗಾತ್ರವೂ ಇಲ್ಲ. ಇದನ್ನು ಲೆಕ್ಕಕ್ಕೆ ಇಳಿಸಿದವನು ರಾಬರ್ಟ್ ಬಾಯ್ಲ್. ಒಂದು ತುದಿ ಮುಚ್ಚಿದ, ಬಾಗಿದ ಗಾಜಿನ ನಳಿಕೆಗೆ ಪಾದರಸ ಸುರಿಯುತ್ತಾ ಹೋದ. ಒತ್ತಡ ಎರಡರಷ್ಟಾದಾಗ ಒಳಗೆ ಸಿಕ್ಕಿಕೊಂಡ ಗಾಳಿ ಅರ್ಧಕ್ಕೆ ಇಳಿಯಿತು. ಆ ಲೆಕ್ಕ ಅಚ್ಚಾದದ್ದು 1662ರಲ್ಲಿ.

ಒತ್ತುತ್ತಲೇ ಹೋದರೆ ಕೊನೆಗೆ ಏನಾಗುತ್ತದೆ? 1823ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಕ್ಲೋರಿನ್ ಮತ್ತು ನೀರು ಸೇರಿದ ಹರಳುಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿದ. ಬಿಡುಗಡೆಯಾದ ಕ್ಲೋರಿನ್ನಿಗೆ ಹರಡಲು ಜಾಗವೇ ಇರಲಿಲ್ಲ. ತನ್ನ ಒತ್ತಡಕ್ಕೆ ತಾನೇ ಸಿಕ್ಕಿ ಅದು ಎಣ್ಣೆಯಂಥ ಹಳದಿ ದ್ರವವಾಗಿ ಇಳಿಯಿತು. ಇಂಥ ನಳಿಕೆಗಳು ಸಿಡಿದು ಅವನ ಕಣ್ಣಿಗೆ ಗಾಜಿನ ಚೂರು ಬಡಿದದ್ದೂ ಉಂಟು. ನಮ್ಮ ಒಲೆಯ ಹಿಂದೆ ಆ ಧೈರ್ಯವೂ ಇದೆ ಎಂದು ನಾನು ನಂಬುತ್ತೇನೆ.

ಆದರೆ ಎಲ್ಲ ಅನಿಲವೂ ಹೀಗೆ ಬಗ್ಗುವುದಿಲ್ಲ. ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್ 1869ರಲ್ಲಿ ಕಾರಣ ತೋರಿಸಿದ: ಪ್ರತಿ ಅನಿಲಕ್ಕೂ ಒಂದು ಉಷ್ಣತೆಯ ಗಡಿಯಿದೆ, ಅದನ್ನು ದಾಟಿದ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗದು. ಇಂಗಾಲದ ಡೈಆಕ್ಸೈಡಿಗೆ ಈ ಗಡಿ ಸುಮಾರು 31 ಡಿಗ್ರಿ ಸೆಲ್ಸಿಯಸ್. ಪ್ರೊಪೇನಿಗೆ 97ರ ಹತ್ತಿರ, ಬ್ಯೂಟೇನಿಗೆ 152. ಆದ್ದರಿಂದಲೇ ಇವೆರಡರ ಮಿಶ್ರಣವಾದ ಎಲ್‌ಪಿಜಿ ಕಲಬುರಗಿಯ ಬೇಸಗೆಯಲ್ಲೂ ಸಿಲಿಂಡರಿನಲ್ಲಿ ದ್ರವವಾಗಿಯೇ ಉಳಿಯುತ್ತದೆ. ಮೀಥೇನಿಗೆ ಆ ಗಡಿ ಸೊನ್ನೆಗಿಂತ 82 ಡಿಗ್ರಿ ಕೆಳಗೆ. ಹಾಗಾಗಿ ಸಾಮಾನ್ಯ ಉಷ್ಣತೆಯಲ್ಲಿ ಅದು ಕೊಳವೆಯಲ್ಲಿ ಬರಬೇಕು, ಇಲ್ಲವೇ ಆಟೊಗಳ ಸಿಎನ್‌ಜಿಯಂತೆ ಭಾರೀ ಒತ್ತಡದಲ್ಲಿ ಅನಿಲವಾಗಿಯೇ ಸಾಗಬೇಕು.

1910ರ ಸುಮಾರಿಗೆ ಅಮೆರಿಕದ ವಾಲ್ಟರ್ ಸ್ನೆಲಿಂಗ್ ಪೆಟ್ರೋಲಿನಿಂದ ಆವಿಯಾಗಿ ಪೋಲಾಗುತ್ತಿದ್ದ ಪ್ರೊಪೇನ್, ಬ್ಯೂಟೇನುಗಳನ್ನು ಬೇರ್ಪಡಿಸಿ ದ್ರವವಾಗಿ ಹಿಡಿದಿಟ್ಟ. ಮುಂಬೈಯ ಅಡುಗೆಮನೆಗಳಿಗೆ ಬರ್ಮಾ ಶೆಲ್ ಕಂಪನಿ ಇದನ್ನು ತಂದದ್ದು 1955ರಲ್ಲಿ.

ಇನ್ನು ಸಿಲಿಂಡರಿನ ರೂಪ. ಒಳಗಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ತಳ್ಳುವುದರಿಂದ ಅದಕ್ಕೆ ಮೂಲೆಗಳಿಲ್ಲ. ತಲೆ, ಬುಡ ಎರಡೂ ಗುಂಡಗೆ. ಒಳಗೆ 33 ಲೀಟರ್ ಹಿಡಿಸುವಷ್ಟು ಜಾಗವಿದ್ದರೂ ಪೂರ್ತಿ ತುಂಬುವುದಿಲ್ಲ. ಜಿಪುಣತನ ಇದಕ್ಕೆ ಕಾರಣವಲ್ಲ. ಎಲ್‌ಪಿಜಿ ದ್ರವ ಬಿಸಿಲಿಗೆ ನೀರಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಹಿಗ್ಗಿದ ದ್ರವ ಒತ್ತಿದರೆ ಬಗ್ಗುವುದಿಲ್ಲ. ಖಾಲಿ ಜಾಗ ಇಲ್ಲದಿದ್ದರೆ ಉಕ್ಕೇ ಬಿರಿಯಬೇಕಾಗುತ್ತದೆ.

ಆ ಜಾಗದಲ್ಲಿ ಆವಿ ತುಂಬಿರುತ್ತದೆ, ಒಲೆಗೆ ಬರುವುದು ಅದೇ. ಆವಿ ಹೋದಷ್ಟೂ ದ್ರವ ಕುದಿದು ಜಾಗ ತುಂಬುತ್ತದೆ. ದ್ರವ ಉಳಿದಿರುವ ತನಕ ಒತ್ತಡ ಹೆಚ್ಚುಕಡಿಮೆ ಒಂದೇ ಇರುವುದರಿಂದ ಉರಿ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ತೂಗಿಯೇ ತಿಳಿಯಬೇಕು. ಒದ್ದೆ ಬಟ್ಟೆಯಿಂದ ಒರೆಸಿ ನೋಡುವ ಮನೆಯ ಉಪಾಯವೂ ಸರಿಯೇ: ದ್ರವ ಇರುವ ಮಟ್ಟದವರೆಗೆ ತೇವ ನಿಧಾನವಾಗಿ ಆರುತ್ತದೆ.

ಕೊನೆಯ ಚೂರು ಗ್ಯಾಸಿಗಾಗಿ ಸಿಲಿಂಡರನ್ನು ಮಲಗಿಸುವ ಅಭ್ಯಾಸ ಮಾತ್ರ ನನಗೆ ಭಯ ಹುಟ್ಟಿಸುತ್ತದೆ. ಮಲಗಿಸಿದರೆ ಆವಿಯ ಬದಲು ದ್ರವವೇ ವಾಲ್ವಿಗೆ ಬರಬಹುದು. ಆವಿಗೆಂದು ಮಾಡಿದ ರೆಗ್ಯುಲೇಟರಿನ ಮೂಲಕ ಹೊರಬಿದ್ದ ಒಂದೊಂದು ಲೋಟ ದ್ರವವೂ ಇನ್ನೂರಕ್ಕೂ ಹೆಚ್ಚು ಲೋಟ ಅನಿಲವಾಗಿ ಹರಡುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ನಿಲ್ಲುತ್ತದೆ.