ಕೋಳಿಗೆ ಇಂಜೆಕ್ಷನ್, ಮಾಂಸಕ್ಕೆ ಬ್ಯಾನ್: ಕೇಳಿದ್ದೆಷ್ಟು, ನಿಜವೆಷ್ಟು?

2020ರ ಮಾರ್ಚ್‌ನಲ್ಲಿ ಕರ್ನಾಟಕದ ಕೋಳಿ ಸಾಕಣೆದಾರರನ್ನು ಮುಳುಗಿಸಿದ್ದು ಮೊಬೈಲಿನಿಂದ ಮೊಬೈಲಿಗೆ ಹಾರಿದ ಒಂದು ಸಂದೇಶ: ‘ಕೋಳಿ ತಿಂದರೆ ಕೊರೊನಾ ಬರುತ್ತೆ.’ ಸಾಲದ್ದಕ್ಕೆ ಅದೇ ತಿಂಗಳು ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಜನರ ತಲೆಯಲ್ಲಿ ಎರಡೂ ಕಲಸಿಹೋದವು. ಕೋಳಿಗೂ ಕೊರೊನಾ ವೈರಸ್ಸಿಗೂ ಸಂಬಂಧವಿಲ್ಲ ಎಂದು ಪಶುಸಂಗೋಪನೆ ಇಲಾಖೆಯವರು ಹೇಳಿದರೂ ಕೇಳುವವರಿರಲಿಲ್ಲ. ಗೋಕಾಕ ತಾಲ್ಲೂಕಿನಲ್ಲಿ ಒಬ್ಬ ರೈತ ಸಾವಿರಾರು ಕೋಳಿಗಳನ್ನು ವಾಹನದಲ್ಲಿ ತುಂಬಿ ತಂದು, ಗುಂಡಿಗೆ ಸುರಿದು, ಜೀವಂತ ಮಣ್ಣು ಮುಚ್ಚಿಸಿದ. ಮೇವು ಹಾಕಿ ಸಾಕುವುದಕ್ಕಿಂತ ಹೂಳುವುದೇ ಅಗ್ಗವಾಗಿತ್ತು.

ಮಾಂಸದ ವ್ಯಾಪಾರದ ಬಗ್ಗೆ ನಮ್ಮಲ್ಲಿ ಅನುಮಾನಗಳಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ಆ ಅನುಮಾನ ಹೋಗಬೇಕಾದ ಕಡೆ ಹೋಗುತ್ತಿಲ್ಲ. ಇಲ್ಲದ ಹಾರ್ಮೋನಿಗೆ ಹೆದರುತ್ತೇವೆ, ಕೋಳಿ ಅಂಗಡಿಯಲ್ಲಿ ಕಣ್ಣೆದುರಿಗೇ ಇರುವ ಕೊಳಕು ಡ್ರಮ್ಮನ್ನು ನೋಡಿಯೂ ನೋಡದಂತೆ ಇರುತ್ತೇವೆ.

“ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಊದಿಸ್ತಾರೆ”

ಐದು ಸಾವಿರ ಕೋಳಿಯ ಒಂದು ಶೆಡ್ ಎಂದರೆ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುವಂಥದ್ದು. ಬೆಳವಣಿಗೆಯ ಹಾರ್ಮೋನು ಕೆಲಸ ಮಾಡಬೇಕಾದರೆ ಅದನ್ನು ಮತ್ತೆ ಮತ್ತೆ ಚುಚ್ಚುತ್ತಲೇ ಇರಬೇಕು. ಐದು ಸಾವಿರ ಹಕ್ಕಿಯನ್ನು ದಿನಕ್ಕೆ ಹಲವು ಸಲ ಹಿಡಿದು ಸೂಜಿ ಚುಚ್ಚುವವರು ಯಾರು? ಮೇವಿನಲ್ಲಿ ಬೆರೆಸೋಣವೆಂದರೆ ಅದು ಪ್ರೋಟೀನು. ನಾವು ತಿಂದ ಬೇಳೆಯಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ ಎನ್ನುವುದು ಒಂದು ಮಾತಾದರೆ, ಲೆಕ್ಕಕ್ಕೇ ಕೂಡಿಬರುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಮಾತು.

ಹಾಗಾದರೆ ನಲವತ್ತು ಚಿಲ್ಲರೆ ದಿನಕ್ಕೆ ಎರಡು ಕೆಜಿ ತೂಗುವುದು ಹೇಗೆ? ಉತ್ತರ ತಳಿಯಲ್ಲಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 1957ರ ಕಾಲದ ತಳಿ, 1978ರ ತಳಿ, 2005ರ ತಳಿ ಮೂರನ್ನೂ ಒಂದೇ ಮೇವು ಕೊಟ್ಟು ಒಂದೇ ರೀತಿ ಸಾಕಿದರು. 56 ದಿನಕ್ಕೆ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಬೇಗ ಬೆಳೆಯುವ ಹುಂಜ, ಬೇಗ ಬೆಳೆಯುವ ಹೇಟೆಗಳನ್ನೇ ಆರಿಸಿ ತಲೆಮಾರು ತಲೆಮಾರು ಕೂಡಿಸಿದ್ದರ ಫಲ ಅದು. ನಮ್ಮ ಶೆಡ್ಡುಗಳಲ್ಲಿರುವ ಕಾಬ್, ರಾಸ್ ತಳಿಗಳು ಬಂದದ್ದೂ ಅದೇ ದಾರಿಯಲ್ಲಿ. ಇಷ್ಟು ವೇಗವಾಗಿ ಬೆಳೆಯುವುದು ಆ ಹಕ್ಕಿಯ ಕಾಲಿಗೂ ಹೃದಯಕ್ಕೂ ಒಳ್ಳೆಯದೇ ಎಂದು ಕೇಳಿ, ಅದು ನ್ಯಾಯವಾದ ಪ್ರಶ್ನೆ. ಆದರೆ ಅದು ಬೇರೆಯೇ ಪ್ರಶ್ನೆ.

ಶೆಡ್ಡಿನಲ್ಲಿ ಲಸಿಕೆ ಹಾಕುವುದಂತೂ ನಿಜ. ಒಂದು ವಾರದ ಮರಿಯನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೆ ಒಂದು ಹನಿ ಬಿಟ್ಟು, ಅದು ರೆಪ್ಪೆ ಬಡಿಯುವವರೆಗೆ ಕಾದು ಕೆಳಗಿಡುತ್ತಾರೆ. ಅದು ಕೊಕ್ಕರೆ ರೋಗದ ಲಸಿಕೆ. ಗುಂಬೊರೊ ರೋಗದ್ದನ್ನು ಕುಡಿಯುವ ನೀರಿನಲ್ಲಿ ಬೆರೆಸುತ್ತಾರೆ. ದೂರದಿಂದ ನೋಡಿದವರಿಗೆ ಈ ಔಷಧಿ ಬಾಟಲಿಗಳೇ ‘ಇಂಜೆಕ್ಷನ್’ ಆಗಿ ಕಂಡಿರಲೂಬಹುದು.

ನಿಜವಾಗಿ ಹೆದರಬೇಕಾದದ್ದು ಆ್ಯಂಟಿಬಯೋಟಿಕ್‌ಗೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಆ್ಯಂಟಿಬಯೋಟಿಕ್ ಶೇಷ ಸಿಕ್ಕಿತ್ತು. ಬೇರೆ ಯಾವ ಔಷಧಿಗೂ ಬಗ್ಗದ ಸೋಂಕಿಗೆಂದು ಆಸ್ಪತ್ರೆಗಳು ಎತ್ತಿಟ್ಟುಕೊಂಡಿರುವ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಯ ಮೇವಿಗೆ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು. ಯಾವುದೇ ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಬಿಟ್ಟೇ ಮಾರಬೇಕೆಂಬ ಗಡುವಿರುತ್ತದೆ. ರೇಟು ಏರಿತೆಂದು ಎರಡು ದಿನ ಮೊದಲೇ ಲೋಡು ಎತ್ತಿಸಿದರೆ ಆ ಗಡುವು ಗಾಳಿಗೆ ಹೋಯಿತು. ವಾಟ್ಸಾಪಿನಲ್ಲಿ ಇದರ ಬಗ್ಗೆ ವಿಡಿಯೊ ಬಂದದ್ದನ್ನು ನಾನಂತೂ ಕಂಡಿಲ್ಲ.

“ಕಣ್ಣೆದುರಿಗೇ ಕುಯ್ಯಿಸಿದರೆ ಅದಕ್ಕಿಂತ ಶುದ್ಧ ಬೇರೆ ಇಲ್ಲ”

ಈ ನಂಬಿಕೆಗೆ ಕಾರಣವಿದೆ. ಹಕ್ಕಿ ಜೀವಂತ ಇತ್ತು, ಓಡಾಡುತ್ತಿತ್ತು ಎನ್ನುವುದಕ್ಕೆ ನಾವೇ ಸಾಕ್ಷಿ. ಸತ್ತದ್ದನ್ನು ಕೊಟ್ಟಾನೆಂಬ ಭಯವಿಲ್ಲ. ಆದರೆ ಆಮೇಲೆ ಆಗುವುದನ್ನೂ ಒಂದು ಸಲ ನೋಡಿ. ಕತ್ತು ಕುಯ್ದ ಕೋಳಿಯನ್ನು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕುತ್ತಾರೆ. ಬೆಳಿಗ್ಗೆಯಿಂದ ಎಷ್ಟೋ ಕೋಳಿ ಆ ಡ್ರಮ್ಮಿನಲ್ಲೇ ಒದ್ದಾಡಿ ಹೋಗಿವೆ. ಅಲ್ಲಿಂದ ಬಿಸಿನೀರಿಗೆ, ಪುಕ್ಕ ಕೀಳುವ ಯಂತ್ರಕ್ಕೆ, ಕೊನೆಗೆ ಮಧ್ಯ ಗುಳಿ ಬಿದ್ದ ಮರದ ದಿಮ್ಮಿಯ ಮೇಲಕ್ಕೆ. ಕರುಳು ತೆಗೆದ ಕೈಯಲ್ಲೇ ತುಂಡು ಮಾಡಿ, ಅದೇ ಕೈಯಲ್ಲಿ ಚಿಲ್ಲರೆ ಎಣಿಸಿ ಕೊಡುತ್ತಾನೆ. ಒಂದು ಮಗ್ಗು ನೀರು ಎರಚಿದರೆ ‘ತೊಳೆದದ್ದಾಯಿತು’.

ಆಹಾರ ಸುರಕ್ಷತೆಯ 2011ರ ನಿಯಮಾವಳಿಯಲ್ಲಿ ಮಾಂಸದಂಗಡಿಗಳಿಗೆಂದೇ ಒಂದು ಭಾಗವಿದೆ. ಅದರ ಪ್ರಕಾರ ಅಂಗಡಿಯೊಳಗೆ ಪ್ರಾಣಿಯನ್ನಾಗಲಿ ಹಕ್ಕಿಯನ್ನಾಗಲಿ ಕುಯ್ಯುವಂತೆಯೇ ಇಲ್ಲ. ಕುಯ್ಯುವ ಜಾಗ ಬೇರೆ, ಮಾರುವ ಜಾಗ ಬೇರೆ. ದಿಮ್ಮಿ ಮರದ್ದಾದರೆ ಗಟ್ಟಿ ಮರದ್ದಾಗಿರಬೇಕು, ಮಾಂಸವನ್ನು ಕೆಡಿಸುವಂತಿರಬಾರದು. ನಮ್ಮ ರಾಜ್ಯದ ಯಾವ ಊರಿನ ಕೋಳಿ ಅಂಗಡಿಗೆ ಬೇಕಾದರೂ ಹೋಗಿ, ಈ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ಅಂಗಡಿಯವನನ್ನೇ ಬೈದರೆ ಅದೂ ಅನ್ಯಾಯ. ಕೋಳಿ ಕುಯ್ಯಲೆಂದು ಸಾರ್ವಜನಿಕ ವಧಾಗಾರ ಕಟ್ಟಿಕೊಡದೆ ‘ಅಂಗಡಿಯಲ್ಲಿ ಕುಯ್ಯಬೇಡ’ ಎಂದರೆ ಅವನು ಎಲ್ಲಿಗೆ ಹೋಗಬೇಕು? ಮಾಡಬಾರದು ಎಂದು ಬರೆದಿಡುವುದು, ಮಾಡುವುದನ್ನು ನೋಡಿ ಸುಮ್ಮನಿರುವುದು, ಬೇಕಾದಾಗ ಆ ನಿಯಮ ತೋರಿಸಿ ಹೆದರಿಸುವುದು: ಈ ವ್ಯವಸ್ಥೆಯಲ್ಲಿ ಗ್ರಾಹಕನಿಗೂ ಲಾಭವಿಲ್ಲ, ವ್ಯಾಪಾರಿಗೂ ಇಲ್ಲ.

ಕುರಿ ಮೇಕೆಯ ಕಥೆಯೂ ಹೀಗೇ. 2001ರ ವಧಾಗಾರ ನಿಯಮಗಳ ಪ್ರಕಾರ ಪ್ರತಿ ಪ್ರಾಣಿಯನ್ನೂ ಪಶುವೈದ್ಯರು ನೋಡಿ ಸರಿ ಎನ್ನಬೇಕು. ಒಬ್ಬ ವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸುವಂತಿಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗಿನ ಜಾವ ನಾಲ್ಕಕ್ಕೇ ಬೆಂಗಳೂರು, ಮಂಡ್ಯ, ಮೈಸೂರಿನ ಮಟನ್ ಅಂಗಡಿಗಳ ಮುಂದೆ ನಿಲ್ಲುವ ಸಾಲನ್ನು ಕಂಡವರು ಈ 96ನ್ನು ನೆನೆದು ನಗಬಹುದು.

ಇನ್ನು ‘ಬಿಸಿಬಿಸಿ ಮಾಂಸವೇ ರುಚಿ, ಫ್ರಿಜ್ಜಿನದು ಹಳಸಲು’ ಎಂಬ ಮಾತು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಅದರ ಮಾಂಸಖಂಡ ಸೆಟೆದುಕೊಳ್ಳುತ್ತದೆ, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಕುಯ್ದು ನಾಲ್ಕು ಡಿಗ್ರಿಯೊಳಗೆ ಇಟ್ಟು, ಸಡಿಲವಾದ ಮೇಲೆ ಬೇಯಿಸಿದ ಕುರಿ ಮಾಂಸ ಹೆಚ್ಚು ಮೆತ್ತಗಿರುತ್ತದೆ. ಬೇಸಿಗೆಯ ಮಧ್ಯಾಹ್ನದವರೆಗೆ ಕೊಕ್ಕೆಗೆ ನೇತುಹಾಕಿದ ತೊಡೆಯಲ್ಲಿ ಹೆಚ್ಚುವುದು ಬ್ಯಾಕ್ಟೀರಿಯಾ.

“ಚಿಕನ್ ರೇಟು ಏರಿದರೆ ಕೋಳಿ ಸಾಕುವವನಿಗೆ ಹಬ್ಬ”

ನಮ್ಮ ಕಡೆ ಬ್ರಾಯ್ಲರ್ ಸಾಕುವ ರೈತರಲ್ಲಿ ಬಹಳಷ್ಟು ಜನ ಕೋಳಿಯ ಮಾಲೀಕರೇ ಅಲ್ಲ. ಶೆಡ್ಡು, ನೀರು, ಕರೆಂಟು, ಭತ್ತದ ಹೊಟ್ಟು, ದುಡಿಮೆ ರೈತನದು. ಮರಿ, ಮೇವು, ಔಷಧಿ ಕಂಪನಿಯದು. ತಮಿಳುನಾಡಿನ ಉಡುಮಲಪೇಟೆ, ಪಲ್ಲಡಂ ಸುತ್ತಮುತ್ತ ಬೇರುಬಿಟ್ಟ ಈ ಪದ್ಧತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಗೂ ಹಬ್ಬಿ ದಶಕಗಳಾದವು. ಬ್ಯಾಚ್ ಮುಗಿದಾಗ ಕಂಪನಿಯ ಲಾರಿ ಬಂದು ಹಕ್ಕಿ ಎತ್ತಿಕೊಂಡು ಹೋಗುತ್ತದೆ. ರೈತನಿಗೆ ಸಿಗುವುದು ಕೆಜಿಗೆ ಇಷ್ಟು ಎಂಬ ಸಾಕಾಣಿಕೆ ದರ. ಅಂಗಡಿಯ ಬೋರ್ಡಿನ ರೇಟಿನಲ್ಲಿ ಅದು ಸಣ್ಣ ಪಾಲು. ಮೇಲೆ ಹತ್ತಿದ ಲಾಭ ಅವನ ಶೆಡ್ಡಿನವರೆಗೆ ಇಳಿದು ಬರುವುದು ಅಪರೂಪ.

ಆ ದರವನ್ನೂ ಅಳೆಯುವುದು ಮೇವಿನ ಲೆಕ್ಕದಲ್ಲಿ. ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಮೇವು ತಿಂತು ಎನ್ನುವುದಕ್ಕೆ ಎಫ್‌ಸಿಆರ್ ಎನ್ನುತ್ತಾರೆ. ಅದು 1.6ರ ಆಸುಪಾಸಿನಲ್ಲಿದ್ದರೆ ಸೂಪರ್‌ವೈಸರ್ ನಗುತ್ತಾನೆ. 1.8ಕ್ಕೆ ಹೋದರೆ ಕಡಿತ. ಮರಿಯೇ ಬಡಕಲು ಬಂದಿದ್ದರೆ? ಮೇವೇ ಕಳಪೆಯಾಗಿದ್ದರೆ? ಕೊಟ್ಟವರೂ ಅವರೇ, ತೂಗುವವರೂ ಅವರೇ. ಕರಾರು ಕೃಷಿಗೆ ಜಾನುವಾರನ್ನೂ ಸೇರಿಸಿ ಕೇಂದ್ರ 2018ರಲ್ಲಿ ಒಂದು ಮಾದರಿ ಕಾಯ್ದೆ ರೂಪಿಸಿತು. ತಮಿಳುನಾಡು ಮರುವರ್ಷ ತನ್ನದೇ ಕಾಯ್ದೆ ಮಾಡಿಕೊಂಡಿತು.

ಕಂಪನಿಗಳೆಲ್ಲ ಕೊಬ್ಬಿ ಕೂತಿವೆ ಎನ್ನುವುದೂ ಪೂರ್ತಿ ಸರಿಯಲ್ಲ. ಕೋಳಿ ಸಾಕುವ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಮೇವಿನದು. ಮೇವೆಂದರೆ ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಎಷ್ಟು ಚಿಮ್ಮಿತೆಂದರೆ, ಕುಲಾಂತರಿ ಸೋಯಾದಿಂದ ಮಾಡಿದ ಹಿಂಡಿ 12 ಲಕ್ಷ ಟನ್ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಡಬೇಕಾಯಿತು. 2023ರ ಕೊನೆಯಿಂದ ಎಥೆನಾಲ್ ಕಾರ್ಖಾನೆಗಳು ಕಬ್ಬಿನಿಂದ ಮೆಕ್ಕೆಜೋಳದ ಕಡೆ ಹೊರಳಿದವು, ಕೋಳಿಗೆ ಪೈಪೋಟಿ ಶುರುವಾಯಿತು. 2025ರ ಕೊನೆಗೆ ಗಾಳಿ ತಿರುಗಿತು. ಮೆಕ್ಕೆಜೋಳ ಕ್ವಿಂಟಲ್‌ಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದು, ಗದಗ, ಹಾವೇರಿಯ ರೈತರು ಬೀದಿಗೆ ಬಂದರು. ಒಬ್ಬ ರೈತನ ಬೆಲೆ ಇನ್ನೊಬ್ಬ ರೈತನ ಖರ್ಚು. ಎರಡು ವರ್ಷದೊಳಗೆ ಇಬ್ಬರೂ ಅತ್ತರು.

ಹಕ್ಕಿಜ್ವರ ಬಂದಾಗ ಸರ್ಕಾರ ಪರಿಹಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. ಕೊಡುತ್ತದೆ, ಆದರೆ ಸೋಂಕು ತಗುಲಿದ ಜಾಗದ ಸುತ್ತ ಒಂದು ಕಿಲೋಮೀಟರಿನೊಳಗೆ ಇಲಾಖೆಯವರೇ ಕೊಲ್ಲಿಸಿದ ಹಕ್ಕಿಗಳಿಗೆ. ರೋಗದಿಂದ ಮೊದಲೇ ಸತ್ತದ್ದಕ್ಕಿಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿದಂತೆ ಜ್ವರ ಎಲ್ಲೋ ಕಾಣಿಸಿದಾಗ, ನೂರಾರು ಕಿಲೋಮೀಟರ್ ದೂರದ ಆರೋಗ್ಯವಂತ ಕೋಳಿಯನ್ನೂ ಜನ ಬೇಡವೆಂದರೆ ಆಗುವ ನಷ್ಟಕ್ಕೆ ಯಾವ ಪರಿಹಾರದ ಪಟ್ಟಿಯಲ್ಲೂ ಜಾಗವಿಲ್ಲ. ಒಳಗಿನವರೆಗೂ 70 ಡಿಗ್ರಿ ಬಿಸಿ ತಾಗಿದರೆ ಆ ವೈರಸ್ ಸಾಯುತ್ತದೆ. ನಮ್ಮ ಕೋಳಿ ಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಮೇಲೆ.

ಉಳಿದವು, ಚುಟುಕಾಗಿ

‘ಕರ್ನಾಟಕದಲ್ಲಿ ಎಮ್ಮೆ ಮಾಂಸವೂ ಬ್ಯಾನ್’: ಇಲ್ಲ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಹೋರಿ, ಎತ್ತು, ಕರುಗಳ ವಧೆಯನ್ನು ತಡೆದಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಅಧಿಕಾರಿಯ ಪ್ರಮಾಣಪತ್ರ ಪಡೆದು ಕಡಿಯಬಹುದು. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ. 1964ರ ಹಳೆಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೂ ಅವಕಾಶವಿತ್ತು.

‘ಮಾಂಸಕ್ಕೂ ಜಿಎಸ್‌ಟಿ ಹಾಕಿ ಸುಲಿಯುತ್ತಿದ್ದಾರೆ’: ತಾಜಾ ಅಥವಾ ತಣ್ಣಗಿಟ್ಟ ಮಾಂಸಕ್ಕೆ ತೆರಿಗೆ ಸೊನ್ನೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಫ್ರೋಜನ್ ಮಾಂಸಕ್ಕೆ ಶೇ 5. ಸಾಸೇಜಿನಂಥ ಸಂಸ್ಕರಿಸಿದ ಪದಾರ್ಥಗಳಿಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ಸೊನ್ನೆ ಎಂದರೆ ಕೋಲ್ಡ್ ಸ್ಟೋರೇಜಿಗೆ, ಯಂತ್ರಕ್ಕೆ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯಲೂ ಆಗುವುದಿಲ್ಲ. ಚೊಕ್ಕಟವಾಗಿ ವ್ಯಾಪಾರ ಮಾಡಹೊರಟ ಸಣ್ಣ ಕಂಪನಿಗೆ ಇದೇ ಭಾರ.

‘ಬಣ್ಣದ ಕೋಳಿಯೆಲ್ಲ ನಾಟಿ’: ಗಿರಿರಾಜ, ಸ್ವರ್ಣಧಾರ ಬೆಂಗಳೂರಿನಲ್ಲೇ ವಿಜ್ಞಾನಿಗಳು ರೂಪಿಸಿದ ತಳಿಗಳು. ಒಳ್ಳೆಯ ಕೋಳಿಗಳೇ. ನಾಟಿಯ ದರಕ್ಕೆ ಮಾರಿದಾಗ ಮಾತ್ರ ತಕರಾರು.

‘ದೊಡ್ಡ ಕಂಪನಿಗಳಿಗಷ್ಟೇ ಲೈಸೆನ್ಸ್, ಗಲ್ಲಿ ಅಂಗಡಿಗೆ ಯಾವ ಕಾಗದವೂ ಬೇಡ’: ಇದಂತೂ ಅಂಗಡಿಯವರೇ ನಂಬಿರುವ ಸುಳ್ಳು. 2011ರ ನಿಯಮದಂತೆ ದಿನಕ್ಕೆ 50 ಕೋಳಿ ಅಥವಾ 10 ಕುರಿ ಮೇಕೆಯವರೆಗೆ ಕುಯ್ಯುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅದನ್ನು ಮೀರಿ 1,000 ಕೋಳಿ, 150 ಕುರಿ ಮೇಕೆಯವರೆಗೆ ರಾಜ್ಯ ಮಟ್ಟದ ಲೈಸೆನ್ಸ್, ಅದಕ್ಕೂ ಮೇಲೆ ಕೇಂದ್ರದ್ದು. ಭಾನುವಾರದ ಬೆಳಿಗ್ಗೆ ಹತ್ತಕ್ಕೇ ಐವತ್ತು ದಾಟುವ ಅಂಗಡಿಗಳು ನೋಂದಣಿಯಲ್ಲೇ ಕಾಲ ತಳ್ಳುತ್ತಿರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಈ ಭಾನುವಾರ ಅಂಗಡಿಗೆ ಹೋದಾಗ ‘ಇಂಜೆಕ್ಷನ್ ಕೋಳಿನಾ?’ ಎಂದು ಕೇಳಬೇಡಿ. ಗೋಡೆಯ ಮೇಲೆ 14 ಅಂಕಿಯ ನಂಬರು ಇದೆಯೇ ನೋಡಿ. 1ರಿಂದ ಶುರುವಾದರೆ ಅದು ಲೈಸೆನ್ಸ್, 2ರಿಂದ ಶುರುವಾದರೆ ನೋಂದಣಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ದಿಮ್ಮಿ ತೊಳೆದು ಎಷ್ಟು ಹೊತ್ತಾಯಿತೆಂದೂ ಕೇಳಿ. ಹಾಗೆಯೇ ನಿಮ್ಮ ವಾರ್ಡಿನವರು ಮತ ಕೇಳಲು ಬಂದಾಗ, ಕೋಳಿ ಕುಯ್ಯಲು ಊರಿಗೊಂದು ಸರಿಯಾದ ಜಾಗ ಯಾವಾಗ ಕಟ್ಟಿಸುತ್ತೀರಿ ಎಂದು ಅವರನ್ನೂ ಕೇಳಿ.